ಸೈಗಾನಿನ ಲಾಡ್ಜಿನಲ್ಲಿ ಇಂದ್ರೇಶ

ವಿಂಡಮ್ ವೇಲ್, ಮೆಲ್ಬರ್ನ್
೯ ಮೇ ೨೦೦೯

ಸಂಧ್ಯಾರಾಣಿಗೆ ದ್ಯಾಮವ್ವ ಮಾಡುವ ಆಶೀರ್ವಾದಗಳು.

ನನ್ನ ಅಕ್ಷರ ನೋಡಿ ನಿನಗ ಆಶ್ಚರ್ಯ ಆಗಿರಬೇಕು. ನೀನೂ ನನ್ನ ಮಗ ಇಂದ್ರೇಶನೂ ಬ್ಯಾರೆ ಆಗಿ ಎರಡು ವರ್ಷದ ಮ್ಯಾಲಾತು, ಅಷ್ಟೂ ದಿನದಾಗ ನಾ ನಿನಗ ಒಂದು ಸಾಲು ಬರದಾಕಿ ಅಲ್ಲ. ಅಡ್ರೆಸ್ ಮಗಳು ಕೃಪಾನ ಕಡೆಯಿಂದ ಇಸಗೊಂಡೆ. ಆಕಿ ಫೋನ್ ಮಾಡು ಅಂದ್ಲು. ನನ್ನ ಎರಡೂ ಕಿವಿ ಹೋಗ್ಯಾವ. ಮಶೀನ್ ಹಾಕ್ಕೊಂಡ್ರ ಎದುರಿಗೆ ಕುಂತವರ ಮಾತು ಕೇಳಸ್ತೈತಿ, ಫೋನ್ ಹಿಡದ್ರ ಬರೇ ಸಿಳ್ಳಿ ಹೊಡೀತೈತಿ. ಅದಕ್ಕ ಕಾಗದ.

ವಿಷಯ ಇಷ್ಟು. ಇಂದ್ರೇಶನ ಫ್ಯಾಕ್ಟರಿ, ಆ ಕಾರಿನ ಸಾಮಾನು ಮಾಡೂದು, ಹ್ವಾದ ವರ್ಷ ದೀಪಾವಳಿ ಆದ ಮ್ಯಾಲೆ ಮುಚ್ಚಿತು. ಮಾರ್ಚ್‌ನ್ಯಾಗ ಅಲ್ಲಿನ ದೋಸ್ತರ ಜೋಡಿ ವಿಯೆಟ್ನಾಂ ನೋಡಿ ಬರ್ತೇನಿ ಅಂತ ಹೋದ. ದೋಸ್ತರು ಒಂದು ವಾರಕ್ಕ ತಿರುಗಿ ಬಂದ್ರು, ಅಂವ ಬರಲಿಲ್ಲ. ಸೈಗಾನ್ ಅನ್ನೂ ಊರಾಗ ಒಂದು ಸಣ್ಣ ಹೋಟೆಲ್‌ನ್ಯಾಗ ಅದಾನಂತ. ನಾ ಹೋಟೆಲ್ ಅಂದ್ರ ಊಟದ್ದು ಅನ್ಕೊಂಡು, ಅಲ್ಲೆ ಕೆಲಸಕ್ಕ ಸೇರ್ಯಾನೇನೋ ಅಂದೆ. ಊಟದ್ದಲ್ಲಂತ, ನಮ್ಮ ಕಡೆ ಲಾಡ್ಜ್ ಅಂತೀವಲ್ಲ, ಅದು. ಲಾಡ್ಜ್‌ನ್ಯಾಗ ಎರಡು ತಿಂಗಳು ಮನಷ್ಯಾ ಏನು ಮಾಡತಾನ?

ಕೃಪಾ ಫೋನ್ ಮಾಡಿದ್ರ 'ಆರಾಮ ಅದೀನಿ' ಅಂತಾನ, ಇಡತಾನ. ಅಳಿಯ ಕೌಶಿಕ್ ಒಮ್ಮೆ ಸಿಟ್ಟಿಲೆ ಬೈದ್ರು, ಆವತ್ತಿಂದ ಅವರ ಫೋನ್ ಎತ್ತೂದಿಲ್ಲ. ಕೃಪಾಗ ಎಂಟು ತಿಂಗಳು, ಆಕಿ ವಿಮಾನ ಹತ್ತಾಂಗಿಲ್ಲ. ನಾ ಹೋದ್ರ ಆ ಊರಾಗ ನಾನ ಕಳದು ಹೋಗತೇನಿ.

ಅಂವ ಯಾರ ಮಾತೂ ಕೇಳಾವಲ್ಲ, ನೀ ಹೇಳಿದ್ದನ್ನಷ್ಟ ಕೇಳತಿದ್ದ. ಇದನ್ನ ಕೇಳೂ ಹಕ್ಕು ನನಗಿಲ್ಲ, ಆದ್ರೂ ಕೇಳಾಕತ್ತೇನಿ. ಒಮ್ಮೆ ಹೋಗಿ ನೋಡಿ ಬರತೀಯೇನವಾ?

ದ್ಯಾಮವ್ವ


ಗಿರಾವೀನ್, ಸಿಡ್ನಿ
೧೭ ಮೇ ೨೦೦೯

ದ್ಯಾಮವ್ವನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಕೃಪಾಳ ವಿಷಯ ಓದಿ ಸಂತೋಷವಾಯಿತು.

ನೀವು ಕೇಳಿದ್ದು ನನ್ನಿಂದ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಇಂದ್ರೇಶ್ ನನ್ನ ಮಾತು ಕೇಳುತ್ತಿದ್ದರು ಅನ್ನುವುದು ನೀವು ದೂರದಿಂದ ಅಂದುಕೊಂಡದ್ದು. ನೀವು ಆಗ ಬೈಲಹೊಂಗಲದಲ್ಲಿದ್ದಿರಿ. ನಮ್ಮ ಮನೆಯಲ್ಲಿ ಕೇಳುವುದಕ್ಕೆ ಮಾತೇ ಇರಲಿಲ್ಲ. ಅವರು ಕೆಲಸದಿಂದ ಬಂದರೆ ಊಟ, ಟಿವಿ, ನಿದ್ದೆ. ವಾರಗಟ್ಟಲೆ ಹಾಗೆ. ಜಗಳವಾಡಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೋ ಏನೋ.

ಇಲ್ಲಿ ನನ್ನ ಪಾಡು ಈಗ ಒಂದು ಹದಕ್ಕೆ ಬಂದಿದೆ. ಪ್ಯಾರಾಮ್ಯಾಟದ ಲ್ಯಾಬಿನಲ್ಲಿ ಬೆಳಿಗ್ಗೆ ಬಂದವರ ರಕ್ತ ತೆಗೆಯುತ್ತೇನೆ, ಸಂಜೆ ಮನೆಗೆ ಬರುತ್ತೇನೆ. ಹಳೆಯದನ್ನು ಕೆದಕುವ ಮನಸ್ಸಿಲ್ಲ.

ಸಂಧ್ಯಾರಾಣಿ

ಆ ಹೋಟೆಲಿನ ಹೆಸರು, ಬೀದಿ ಕೃಪಾಳಿಗೆ ಗೊತ್ತಿದ್ದರೆ ಬರೆದು ಕಳಿಸಿ. ಸುಮ್ಮನೆ ಕೇಳಿದೆ.


ವಿಂಡಮ್ ವೇಲ್
೨೨ ಮೇ ೨೦೦೯

ಸಂಧ್ಯಾರಾಣಿಗೆ ಆಶೀರ್ವಾದ.

ಹೋಟೆಲಿನ ವಿಳಾಸ ಕೃಪಾನ ಕೈಲೆ ಇಂಗ್ಲಿಷಿನ್ಯಾಗ ಬರಸಿ ಇದರಾಗ ಇಟ್ಟೇನಿ. ನಾನೂ ಸುಮ್ಮನ ಕಳಸೇನಿ.

ದ್ಯಾಮವ್ವ


ಸೈಗಾನ್
೯ ಜೂನ್ ೨೦೦೯

ಅತ್ತೆಯವರಿಗೆ ನಮಸ್ಕಾರ.

ಭಾನುವಾರ ಬಂದಿಳಿದೆ. ಇಂದ್ರೇಶ್ ಸಿಕ್ಕಿದರು. ಸೊರಗಿದ್ದಾರೆ, ಆದರೆ ಆರೋಗ್ಯವಾಗಿದ್ದಾರೆ. ಇದನ್ನು ಮೊದಲೇ ಬರೆದುಬಿಟ್ಟೆ, ಉಳಿದದ್ದನ್ನು ನಿಧಾನವಾಗಿ ಓದಿ.

ಟ್ಯಾಕ್ಸಿಯವನು ದೊಡ್ಡ ರಸ್ತೆಯಲ್ಲೇ ಇಳಿಸಿ ಒಂದು ಓಣಿ ತೋರಿಸಿದ. ಎರಡು ಬೈಕು ಎದುರುಬದುರಾದರೆ ಜನ ಗೋಡೆಗೆ ಒತ್ತಿ ನಿಲ್ಲಬೇಕು, ಅಂಥ ಓಣಿ. ಹೋಟೆಲು ಒಂದು ಕೋಣೆಯಷ್ಟೇ ಅಗಲ, ಮೇಲಕ್ಕೆ ಆರು ಮಹಡಿ, ಲಿಫ್ಟ್ ಇಲ್ಲ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ರಿಸೆಪ್ಷನ್ ಅಂದರೆ ಮನೆಯವರ ನಡುಮನೆಯೇ. ನೆಲದ ಮೇಲೆ ಕೆಂಪು ಬಣ್ಣದ ಪುಟ್ಟ ಗೂಡಿನಲ್ಲಿ ದೇವರು, ಮುಂದೆ ಬಾಳೆಹಣ್ಣು, ಊದುಬತ್ತಿ. ಪಕ್ಕದಲ್ಲೇ ಯಜಮಾನಿ ಕೂತು ಬೀನ್ಸ್ ಮುರಿಯುತ್ತಿದ್ದರು. ಅವರ ಹೆಸರು ಹಾನ್, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಇಂದ್ರೇಶ್ ಹೆಸರು ಹೇಳಿದ ಕೂಡಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ 'ವೈಫ್?' ಅಂದರು. ಅವರೇ ಹೌದು ಅಂತ ತಲೆಯಾಡಿಸಿ, ಪಾಸ್‌ಪೋರ್ಟ್ ತೆಗೆದುಕೊಂಡು ಡ್ರಾಯರಿಗೆ ಹಾಕಿ, ಮೇಲಕ್ಕೆ ಬೆರಳು ತೋರಿಸಿದರು.

ಇಂದ್ರೇಶ್ ಇರುವುದು ನಾಲ್ಕನೇ ಮಹಡಿಯಲ್ಲಿ. ಕೋಣೆಗೆ ಕಿಟಕಿ ಇಲ್ಲ. ಟ್ಯೂಬ್‌ಲೈಟ್ ಆರಿಸಿದರೆ ಮಧ್ಯಾಹ್ನವೂ ಕತ್ತಲೆ. ನೀವು ಹೆದರಿದಂಥದ್ದು ಅಲ್ಲಿ ಏನೂ ಇರಲಿಲ್ಲ, ಬಾಟಲಿ ಇಲ್ಲ, ಬೇರೆ ಯಾರ ಬಟ್ಟೆಯೂ ಇಲ್ಲ. ಒಗೆದ ಅಂಗಿ ಹ್ಯಾಂಗರಿನಲ್ಲಿತ್ತು, ಹೊದಿಕೆ ಮಡಿಚಿತ್ತು. ಮಂಚದ ಅಂಚಿನಲ್ಲಿ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು.

'ನೀ ಯಾಕ ಬಂದಿ?' ಅಂದರು.

'ನಿಮ್ಮ ಅವ್ವ ಕಳಿಸಿದರು.'

'ಅವ್ವ ಕಳಿಸಿದ್ರ ಬರ್ತಿ?'

'ಬಂದೆನಲ್ಲ.'

ಆಮೇಲೆ ಊಟಕ್ಕೆ ಕರೆದುಕೊಂಡು ಹೋದರು. ಇಲ್ಲಿ 'ಚಾಯ್' ಅಂತ ಬೋರ್ಡ್ ಇದ್ದರೆ ಅದು ಶಾಕಾಹಾರಿ ಅಂಗಡಿಯಂತೆ, ನೀವು ಆ ಚಿಂತೆ ಬಿಡಿ. ರಸ್ತೆ ದಾಟುವಾಗ ಬೈಕುಗಳ ಆ ಹೊಳೆ ನೋಡಿ ನಾನು ಹಿಂದೆ ಸರಿದೆ. ಮೊಣಕೈ ಹಿಡಿದು, 'ನಿಲ್ಲಬ್ಯಾಡ, ಓಡಬ್ಯಾಡ. ಹಂಗ ನಡಿ, ಅವರ ಸರದು ಹೋಗತಾರ' ಅಂದರು.

ಯಾಕೆ ವಾಪಸ್ಸು ಬರಲಿಲ್ಲ ಅಂತ ಕೇಳಿದೆ. ಅನ್ನ ಕಲಸುತ್ತಾ, 'ಮೆಲ್ಬರ್ನ್‌ನ್ಯಾಗ ಯಾರ ಮನಿಗೆ ಹೋದ್ರೂ, ಚಾ ಕೊಡೂಕಿಂತ ಮೊದಲ ಈಗೇನು ಮಾಡಾಕತ್ತಿ ಅಂತ ಕೇಳತಾರ. ಇಲ್ಲೆ ಯಾರೂ ಕೇಳೂದಿಲ್ಲ. ಹಾನ್ ಮುಂಜಾನೆ ಗುಡ್ ಮಾರ್ನಿಂಗ್ ಅಂತಾಳ, ಸಂಜಿಗೆ ಊಟ ಆತೇನು ಅಂತ ಸನ್ನಿ ಮಾಡತಾಳ. ಅಷ್ಟ ಸಾಕಾಗೇತಿ' ಅಂದರು. ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ನನಗೆ ಎರಡನೇ ಮಹಡಿಯಲ್ಲಿ ಓಣಿಗೆ ಕಿಟಕಿ ಇರುವ ರೂಮು ಸಿಕ್ಕಿದೆ. ಟಿಕೆಟ್ ಬರುವ ಭಾನುವಾರಕ್ಕಿದೆ. 'ನಿಮಗೂ ಸೀಟು ನೋಡಲೇ?' ಅಂತ ಅವರನ್ನು ಕೇಳಿದೆ. ಎದ್ದು, ಮಳೆ ಬರುತ್ತದೆ ಅಂತ ನನ್ನ ರೂಮಿನ ಕಿಟಕಿ ಮುಚ್ಚಿದರು.

ಸಂಧ್ಯಾರಾಣಿ


ಸೈಗಾನ್
೧೪ ಜೂನ್ ೨೦೦೯

ಅತ್ತೆಯವರಿಗೆ,

ಇಂದ್ರೇಶ್‌ಗೆ ಸ್ವಲ್ಪ ಜ್ವರ. ಇಲ್ಲಿ ಮಳೆಗಾಲ, ದಿನಾ ಮಧ್ಯಾಹ್ನ ಸುರಿಯುತ್ತದೆ. ಟಿಕೆಟ್ ಮುಂದಕ್ಕೆ ಹಾಕಿಸಿದ್ದೇನೆ. ಗಾಬರಿಯಾಗಬೇಡಿ, ಕೃಪಾಳಿಗೆ ಈಗ ಹೇಳಬೇಡಿ.

ಸಂಧ್ಯಾ


ವಿಂಡಮ್ ವೇಲ್
೨೩ ಜೂನ್ ೨೦೦೯

ಸಂಧ್ಯಾ,

ನಿನ್ನ ಎರಡೂ ಕಾಗದ ಕೂಡೇ ಬಂದ್ವು. ಮೊದಲನೇದು ಓದಿ ಹಗುರಾದೆ, ಎರಡನೇದು ಓದಿ ಕುಂತಲ್ಲೇ ಕುಂತೆ. ಸ್ವಲ್ಪ ಜ್ವರಕ್ಕ ಯಾರೂ ವಿಮಾನದ ಟಿಕೆಟ್ ಮುಂದ ಹಾಕೂದಿಲ್ಲ. ನಾ ಕಿವುಡಿ, ದಡ್ಡಿ ಅಲ್ಲ.

ಕೃಪಾಗ ಹೆಣ್ಣು ಕೂಸು ಹುಟ್ಟೇತಿ. ಇಬ್ಬರೂ ಆರಾಮ ಅದಾರ. ಮನಿ ತುಂಬ ಸಂಭ್ರಮ, ಇದರ ನಡುವ ನಾ ಈ ಮಾತು ಯಾರ ಮುಂದ ತಗೀಲಿ? ಕೂಸಿಗೆ ಎರಿಯೂದು, ಬಟ್ಟಿ ಒಗಿಯೂದು, ಅಂಚಿಯವ ಬರೂ ಹೊತ್ತಿಗೆ ಬಾಗಲಾಗ ನಿಲ್ಲೂದು. ಈ ಓಣ್ಯಾಗ ಎಲ್ಲಾ ಹೊಸ ಮನಿ, ಹಗಲೊತ್ತು ಒಂದು ಮನಷ್ಯಾರ ಮಾರಿ ಕಾಣೂದಿಲ್ಲ.

ಖರೆ ಏನೈತಿ ಬರಿ. ನೀ ಬರದದ್ದು ಏನಿದ್ರೂ ತಡಕೊಂತೇನಿ, ಬರೀದ ಬಿಟ್ಟದ್ದು ತಡಕೊಳ್ಳಾಕ ಆಗವಲ್ದು.

ದ್ಯಾಮವ್ವ


ಸೈಗಾನ್
೨ ಜುಲೈ ೨೦೦೯

ಅತ್ತೆ,

ನಿಮ್ಮ ಪತ್ರ ಇವತ್ತು ಹಾನ್ ಕೈಗೆ ಕೊಟ್ಟರು. ಅಪಾಯ ದಾಟಿದೆ. ಈಗ ನಿಜ ಬರೆಯುತ್ತೇನೆ.

ಅದು ಡೆಂಗ್ಯೂ. ಮೂರು ದಿನ ಮೈ ಸುಡುವ ಜ್ವರ, ಆಮೇಲೆ ಜ್ವರ ಇಳಿಯಿತು. ಅವರು ವಾಸಿಯಾಯಿತು ಅಂದರು. ನಾನು ಕೈ ಮೇಲೆ ಎದ್ದಿದ್ದ ಕೆಂಪು ಚುಕ್ಕೆ ನೋಡಿದೆ, ಹಲ್ಲುಜ್ಜಿದಾಗ ವಸಡಿನಿಂದ ರಕ್ತ ಬಂದದ್ದು ನೋಡಿದೆ. ದಿನಾ ರಕ್ತದ ರಿಪೋರ್ಟ್ ನೋಡುವವಳು ನಾನು, ಜ್ವರ ಇಳಿದ ಮೇಲೆಯೇ ಇದರಲ್ಲಿ ಅಪಾಯ ಅಂತ ಗೊತ್ತಿತ್ತು. ಕೆಳಗೆ ಓಡಿ ಬಂದು ಹಾನ್‌ಗೆ ಹೇಳಲು ಹೋದರೆ ಇಂಗ್ಲಿಷೇ ಬಾಯಿಗೆ ಬರಲಿಲ್ಲ, ಕನ್ನಡದಲ್ಲೇ ಏನೋ ಅಂದೆನಂತೆ. ಅವರಿಗೆ ನನ್ನ ಮುಖ ನೋಡಿಯೇ ತಿಳಿಯಿತು. ರಿಸೆಪ್ಷನ್ನನ್ನು ಹಾಗೇ ಬಿಟ್ಟು, ಟ್ಯಾಕ್ಸಿ ಕರೆದು, ಮಳೆಯಲ್ಲಿ ನಮ್ಮ ಜೊತೆಗೇ ಆಸ್ಪತ್ರೆಗೆ ಬಂದು, ಎಲ್ಲರ ಹತ್ತಿರ ಅವರೇ ಮಾತಾಡಿದರು.

ಇಲ್ಲಿ ರೋಗಿಯ ಹತ್ತಿರ ಮನೆಯವರು ಇರಲೇಬೇಕು. ಉಣಿಸುವುದು, ಮೈ ಒರೆಸುವುದು ಎಲ್ಲ ಮನೆಯವರೇ. ವರಾಂಡದ ತುಂಬ ಚಾಪೆ ಹಾಸಿಕೊಂಡು ಜನ ಕೂತಿರುತ್ತಾರೆ. ಮನೆಯವರು ಯಾರು ಅಂತ ಕೇಳಿದರು. ನಾನು ಅಂದೆ. ಹಾನ್ ನನಗೂ ಒಂದು ಚಾಪೆ ತಂದುಕೊಟ್ಟರು.

ಎರಡು ದಿನ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಆ ಎರಡು ದಿನದ ಬಗ್ಗೆ ಬರೆಯಲಾರೆ. ನಿಮಗೆ ಫೋನ್ ಮಾಡಿದರೆ ಕೇಳಿಸುವುದಿಲ್ಲ, ಕೃಪಾಳಿಗೆ ಮಾಡುವ ಹಾಗಿಲ್ಲ. ಈ ಇಡೀ ಊರಿನಲ್ಲಿ ನಾನು ಮಾತಾಡಬಹುದಾದ ಒಬ್ಬರು ಕಣ್ಣು ಮುಚ್ಚಿ ಮಲಗಿದ್ದರು. ಮೂರನೆಯ ದಿನ ಏರಿತು.

ಈಗ ಹೋಟೆಲಿಗೆ ಬಂದು ಒಂದು ವಾರವಾಯಿತು. ಇಂದ್ರೇಶ್ ನಾಲ್ಕನೇ ಮಹಡಿಗೆ ಹತ್ತಲು ಹಾನ್ ಬಿಡಲಿಲ್ಲ, ನನ್ನ ಪಕ್ಕದ ರೂಮಿಗೆ ಹಾಕಿದ್ದಾರೆ. ಅದಕ್ಕೂ ಕಿಟಕಿ ಇದೆ. ಗಂಜಿ ಕುಡಿದು, ಓಣಿ ನೋಡುತ್ತಾ ಕೂತಿರುತ್ತಾರೆ. ನಿನ್ನೆ ಮಳೆ ಬರುವಾಗ ತಾವಾಗಿಯೇ ಫ್ಯಾಕ್ಟರಿ ಮುಚ್ಚಿದ ದಿನದ ಮಾತೆತ್ತಿದರು. 'ಗೇಟ್‌ನ್ಯಾಗ ಕಾರ್ಡ್ ಇಸಗೊಂಡು ಥ್ಯಾಂಕ್ಯೂ ಅಂದ್ರು. ನಾ ಕಾರಿನ್ಯಾಗ ಕುಂತೆ. ಎಲ್ಲಿಗೆ ಹೋಗಬೇಕಂತ ತಿಳೀಲಿಲ್ಲ. ನೀ ಮನಿ ಬಿಟ್ಟ ದಿನಾನೂ ಹಂಗ ಆಗಿತ್ತು. ಏನರ ಅನಬೇಕಂತ ಬಾಗಲಾಗ ನಿಂತಿದ್ದೆ. ನೀ ಟ್ಯಾಕ್ಸಿ ಹತ್ತಿಬಿಟ್ಟಿ' ಅಂದರು.

ಇನ್ನೂ ಏನೇನೋ ಹೇಳಿದರು. ಎಲ್ಲ ಬರೆಯಲು ಬರುವುದಿಲ್ಲ.

ಪಾಪುವಿಗೆ ನನ್ನ ಮುತ್ತು ಕೊಡಿ.

ಸಂಧ್ಯಾ


ಸೈಗಾನ್
೯ ಜುಲೈ ೨೦೦೯

ಅತ್ತೆ,

ಇನ್ನು ಪ್ರಯಾಣ ಮಾಡಬಹುದು ಅಂತ ಡಾಕ್ಟರು ಹೇಳಿದರು. ಹತ್ತೊಂಬತ್ತಕ್ಕೆ ಹೊರಡುತ್ತೇವೆ, ಅವರು ಮೆಲ್ಬರ್ನಿಗೆ, ನಾನು ಸಿಡ್ನಿಗೆ. ಅದಕ್ಕಿಂತ ಮುಂಚೆ ಸೀಟು ಸಿಗಲಿಲ್ಲ. ಲ್ಯಾಬಿಗೆ ಫೋನ್ ಮಾಡಿ ರಜೆ ಮುಂದುವರಿಸಿದ್ದೇನೆ.

ಇಲ್ಲಿ ಎಲ್ಲ ಚೆನ್ನಾಗಿದೆ.

ಸಂಧ್ಯಾ


ವಿಂಡಮ್ ವೇಲ್
೨೬ ಜುಲೈ ೨೦೦೯

ಮಗಳ ಸಂಧ್ಯಾ,

ಬಂದ. ಏರ್‌ಪೋರ್ಟ್‌ನ್ಯಾಗ ನನ್ನ ಕಾಲು ಮುಟ್ಟಾಕ ಬಗ್ಗಿದಾವ ಅಲ್ಲೇ ಕುಂತುಬಿಟ್ಟ. ಸುತ್ತಲಿನ ಮಂದಿ ಪೆಟಗಿ ಎಳಕೊಂಡು ನಮ್ಮನ್ನ ಬಳಸಿ ಹೋಗಾಕತ್ತಿದ್ರು. ಕೌಶಿಕ್ ಬಗ್ಗಿ ಎಬ್ಬಿಸಿ ಅಪ್ಪಿಕೊಂಡ್ರು. ಇಬ್ಬರೂ ಬೈಗಳದ ಸುದ್ದಿ ತಗೀಲಿಲ್ಲ.

ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕುಂತ್ರ ತಾಸುಗಟ್ಟಲೆ ಕುಂದರತಾನ. ಟ್ರುಗನಿನಾದಾಗ ಒಂದು ವೇರ್‌ಹೌಸ್‌ನ್ಯಾಗ ಕೆಲಸ ಐತಂತ, ಕೌಶಿಕ್ ಮಾತಾಡ್ಯಾರ. ಬರೂ ಸೋಮವಾರ ಹೋಗತಾನ.

ಕೌಶಿಕ್ ಕಂಪ್ಯೂಟರ್‌ನ್ಯಾಗ ನೋಡಿದ್ರು, ಸೈಗಾನಿಂದ ದಿನಾ ಸೀಟು ಇದ್ವಂತ. ಮನಸಿನ್ಯಾಗ ಸಂತೋಷ ಪಟ್ಟೆ. ಸಂಧ್ಯಾ ಹೆಂಗದಾಳೋ ಅಂತ ಇಂದ್ರೇಶನ್ನ ಕೇಳಿದೆ. ಆರಾಮ ಅದಾಳ ಅಂದ.

ನಿನ್ನ ದ್ಯಾಮವ್ವ


ಗಿರಾವೀನ್
೯ ಆಗಸ್ಟ್ ೨೦೦೯

ಅತ್ತೆ,

ಅವರು ಕೆಲಸಕ್ಕೆ ಹೋಗುತ್ತಿರುವುದು ಕೇಳಿ ಸಮಾಧಾನವಾಯಿತು. ಬೆನ್ನು ಬಗ್ಗಿಸಿ ಎತ್ತುವ ಕೆಲಸ ಈಗಲೇ ಬೇಡ ಅಂತ ಹೇಳಿ, ಸುಸ್ತು ಇನ್ನೂ ಒಂದೆರಡು ತಿಂಗಳು ಇರುತ್ತದೆ.

ಸೈಗಾನಿನಲ್ಲಿ ಸಿಡ್ನಿಯ ಫ್ಲೈಟನ್ನು ಮೊದಲು ಕರೆದರು. ಮನೆ ಮುಟ್ಟಿದ ಮೇಲೆ ಫೋನ್ ಮಾಡತೇನಿ ಅಂದಿದ್ದರು. ಹೊಸ ಕೆಲಸದ ಗಡಿಬಿಡಿ ಇರಬೇಕು. ನನ್ನ ನಂಬರ್ ಹಳೆಯದೇ, ಬದಲಾಗಿಲ್ಲ.

ಸಂಧ್ಯಾ


ಗಿರಾವೀನ್
೨೭ ಸೆಪ್ಟೆಂಬರ್ ೨೦೦೯

ಅತ್ತೆ,

ನಿಮ್ಮಿಂದ ಪತ್ರವಿಲ್ಲ. ಪಾಪುವಿನ ಕೆಲಸ ಜಾಸ್ತಿ ಇರಬೇಕು.

ಬುಧವಾರ ಇಲ್ಲಿ ಏನಾಯಿತು ಅಂತ ಟಿವಿಯಲ್ಲಿ ನೋಡಿರುತ್ತೀರಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಕೋಣೆಯೆಲ್ಲ ಕೆಂಪು. ಎಲ್ಲೋ ಬೆಂಕಿ ಬಿದ್ದಿದೆ ಅಂತ ಹೊರಗೆ ಓಡಿದೆ. ಆಕಾಶ, ರಸ್ತೆ, ಎದುರು ಮನೆ, ಕಾರು ಎಲ್ಲವೂ ಮಣ್ಣಿನ ಬಣ್ಣ. ಮರುಭೂಮಿಯ ಧೂಳಂತೆ, ಗಾಳಿಯಲ್ಲಿ ಬಂದದ್ದು. ಎದುರು ಮನೆಯ ಗುಜರಾತಿ ಆಂಟಿ, ಅಂಕಲ್ ಇಬ್ಬರೂ ನೈಟ್‌ಡ್ರೆಸ್ಸಿನಲ್ಲೇ ಬಂದು ನಿಂತು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದ ಹಾಗೆ, ನನಗೂ ಯಾರಿಗಾದರೂ ಇದನ್ನು ಹೇಳಬೇಕು ಅನ್ನಿಸಿತು. ಒಳಗೆ ಬಂದು ಇಂದ್ರೇಶ್‌ಗೆ ಫೋನ್ ಮಾಡಿದೆ. ರಿಂಗ್ ಆಯಿತು. ಎತ್ತಲಿಲ್ಲ. ಸಂಜೆಯವರೆಗೂ ಕಿಟಕಿ ಒರೆಸಿದೆ.

ಅವರಿಗೆ ಮೈ ಹುಷಾರಿದೆಯೇ? ಅಷ್ಟು ತಿಳಿದರೆ ಸಾಕು.

ಸಂಧ್ಯಾ


ವಿಂಡಮ್ ವೇಲ್
೧೮ ಅಕ್ಟೋಬರ್ ೨೦೦೯

ಮಗಳ ಸಂಧ್ಯಾ,

ಬರೀಲಿಲ್ಲ ಅಂತ ಅನಬ್ಯಾಡ. ನಾಕು ಸಲ ಬರದು ಹರದೇನಿ.

ಅವಗ ಮೈ ನೆಟ್ಟಗೈತಿ. ಕೇಳಿದೆ ನಾನು. ನಿಮ್ಮಿಬ್ಬರದು ಮತ್ತ ಕೂಡತೈತೇನೋ ಅಂತ ಎದುರಿಗೆ ಕುಂತು ಬಿಡಿಸಿ ಕೇಳಿದೆ. ಬಾಳ ದಿನ ಬಾಯಿ ಬಿಡಲಿಲ್ಲ. ಕಡೀಕ ಅಂದ, 'ಆಕಿ ನನ್ನ ಜೀವ ಉಳಿಸ್ಯಾಳ ಅವ್ವ. ಆಕಿ ಮಾರಿ ನೋಡಿದ್ರ ನಾ ಆ ಖೋಲ್ಯಾಗ ಹೆಂಗ ಬಿದ್ದಿದ್ದೆ ಅನ್ನೂದ ನೆನಪಾಗತೈತಿ. ದಿನಾ ಅದನ್ನ ನೋಡ್ಕೋತ ಬಾಳೇ ಮಾಡಾಕ ನನಗ ಆಗೂದಿಲ್ಲ.' ಇದು ನಿನ್ನಂಥಾಕಿಗೆ ಸಿಗೋ ನ್ಯಾಯ ಅಲ್ಲ. ಅಂವ ಅಂದದ್ದು ಅಂದಂಗ ಬರದೇನಿ, ನೀ ಇನ್ನ ಫೋನ್ ನೋಡ್ಕೋತ ಕುಂದರಬಾರದು ಅಂತ.

ಜೀಲಾಂಗ್‌ನ್ಯಾಗ ಒಬ್ಬ ಹುಡಿಗಿ ಅದಾಳ, ಗಾನವಿ ಅಂತ, ನರ್ಸ್. ರಾಮದುರ್ಗದವರು. ಆಕಿದೂ ಎರಡನೇ ಸಂಬಂಧ. ಕೃಪಾ, ಕೌಶಿಕ್ ನೋಡಿ ಬಂದ್ರು, ಇಂದ್ರೇಶ ಹೂಂ ಅಂದಾನ. ಹುಡಿಗಿ ಅಣ್ಣ ಗುರುಬಸವ ಅಂತ, ಆತ ಒಂದು ಮಾತು ಕೇಳ್ಯಾನ, ಮೊದಲಿನಾಕಿ ಕಡೆ ಈ ಮನಿಯವರು ಯಾರೂ ಹೋಗಿ ಬಂದು ಇಟ್ಕೋಬಾರದು, ಫೋನು ಕಾಗದ ಏನೂ ಬ್ಯಾಡ ಅಂತ. ಕೃಪಾ ಒಪ್ಪಿ ಬಂದಾಳ. ನಾನೂ ಈ ಮನಿಯಾಕಿ.

ಇನ್ನ ಬರೀಬ್ಯಾಡ ಯವ್ವಾ. ಹೊಟ್ಟಿಗೆ ಚಂದಂಗ ಉಣ್ಣು. ಒಬ್ಬಾಕೇ ಅಂತ ಅಡಗಿ ಬಿಡಬ್ಯಾಡ.

ದ್ಯಾಮವ್ವ


ಗಿರಾವೀನ್
೮ ನವೆಂಬರ್ ೨೦೦೯

ಅತ್ತೆ,

ಇದೊಂದು ಬರೆದು ನಿಲ್ಲಿಸುತ್ತೇನೆ. ಬೇಕಾದರೆ ಓದಿ ಹರಿದುಹಾಕಿ.

ಕೋಪವಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಕೊನೆಯ ದಿನಗಳಲ್ಲಿ ಸೀಟು ಇದ್ದವು, ನಾವೇ ಹೊರಡಲಿಲ್ಲ. ನಾಳೆ ನೋಡೋಣ ಅಂತ ಅವರು ಅನ್ನುತ್ತಿದ್ದರು, ನಾನು ಸರಿ ಅನ್ನುತ್ತಿದ್ದೆ. ಬೆಳಿಗ್ಗೆ ಓಣಿಯ ಬಾಯಲ್ಲಿ ಮಕ್ಕಳ ಸ್ಟೂಲಿನಂಥ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆವು. ಹಾನ್ ನಮ್ಮ ಬಟ್ಟೆಗಳನ್ನು ಒಟ್ಟಿಗೇ ಒಗೆದು ಒಂದೇ ರಾಶಿಯಾಗಿ ಮಡಿಚಿ ಇಡುತ್ತಿದ್ದರು. ನಾನು ಬೇರೆ ಮಾಡಿಕೊಳ್ಳುತ್ತಿರಲಿಲ್ಲ. ಅಷ್ಟಕ್ಕೇ ನಾನು ಏನೇನೋ ಅಂದುಕೊಂಡೆ. ಅದು ಅಲ್ಲಿಗೆ ಮಾತ್ರ ಅನ್ನುವುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮದುವೆ ಚೆನ್ನಾಗಿ ಆಗಲಿ. ನಿಮ್ಮಲ್ಲಿ ಒಂದೇ ಒಂದು ಕೇಳಿಕೊಳ್ಳುವುದಿದೆ. ಅವರು ಮತ್ತೆ ಮಾತು ಬಿಡುತ್ತಾರೆ. ಇವತ್ತಲ್ಲದಿದ್ದರೆ ಆರು ತಿಂಗಳಿಗೆ. ಆಗ ಆ ಹುಡುಗಿ ತಾನೇನು ತಪ್ಪು ಮಾಡಿದೆ ಅಂತ ಹುಡುಕಲು ಶುರುಮಾಡುತ್ತಾಳೆ. ಅಡುಗೆಯಲ್ಲಿ ಹುಡುಕುತ್ತಾಳೆ, ಆಡಿದ ಮಾತಿನಲ್ಲಿ ಹುಡುಕುತ್ತಾಳೆ, ಕನ್ನಡಿ ಮುಂದೆ ನಿಂತು ಹುಡುಕುತ್ತಾಳೆ. ನಾನು ವರ್ಷಗಟ್ಟಲೆ ಹುಡುಕಿದೆ. ಇದು ನಿನ್ನ ತಪ್ಪಲ್ಲ, ಅವನ ಒಳಗಿನದು, ನೀನು ಕಾಯುತ್ತಾ ಕೂರಬೇಡ, ಎದುರಿಗೆ ಹೋಗಿ ಕೂತು ಕೇಳು ಅಂತ ಯಾರಾದರೂ ಅವಳಿಗೆ ಹೇಳಬೇಕು. ನನಗೆ ಯಾರೂ ಹೇಳಲಿಲ್ಲ. ನೀವು ಹೇಳಿ.

ನಿಮ್ಮ ಕಿವಿಯ ಮಶೀನಿನ ಬ್ಯಾಟರಿ ಆಗಾಗ ಬದಲಿಸಿ.

ಸಂಧ್ಯಾರಾಣಿ


ವಿಂಡಮ್ ವೇಲ್
೩೦ ಡಿಸೆಂಬರ್ ೨೦೦೯

ಸಂಧ್ಯಾ,

ಬರೀಬ್ಯಾಡ ಅಂದಾಕಿ ನಾನ, ಬರಿಯಾಕಿನೂ ನಾನ. ಕೌಶಿಕ್ ಕೆಲಸಕ್ಕ ಹೋಗ್ಯಾರ, ಕೃಪಾ ಕೂಸಿನ ಸೂಜಿಗೆ ಹೋಗ್ಯಾಳ. ಇದನ್ನ ನಾನ ನಡಕೋತ ಹೋಗಿ ಡಬ್ಬಿಗೆ ಹಾಕಿ ಬರ್ತೇನಿ.

ಲಗ್ನ ಹ್ವಾದ ತಿಂಗಳ ಆತು. ಹುಡಿಗಿ ಚಲೋ ಅದಾಳ. ಕ್ರಿಸ್‌ಮಸ್ ಸೂಟಿಗೆ ಇಬ್ಬರೂ ಜೀಲಾಂಗ್‌ನಿಂದ ಇಲ್ಲೆ ಬಂದು, ನಿನ್ನೆ ತಿರುಗಿ ಹೋದ್ರು. ನೀ ಆರು ತಿಂಗಳ ಅಂದಿದ್ದಿ, ಅಷ್ಟೂ ಹಿಡೀಲಿಲ್ಲ. ಬಂದ ದಿನದಿಂದ ಅಂವ ಮಾತು ಬಿಟ್ಟಿದ್ದ. ಮೊನ್ನೆ ಅಡಗಿ ಮನ್ಯಾಗ ಗಾನವಿ ಸೌತಿಕಾಯಿ ಹೆಚ್ಚಾಕತ್ತಿದ್ಲು. ಹೆಚ್ಚಿದ್ದನ್ನ ಮತ್ತ ಹೆಚ್ಚಾಕತ್ತಿದ್ಲು. 'ಅತ್ತಿ, ನನ್ನ ಕಡೆಯಿಂದ ಏನರ ತಪ್ಪಾಗೇತೇನು?' ಅಂತ ಕೇಳಿದ್ಲು.

ನಾ ಆಕಿ ಕೈಯಾಗಿನ ಚಾಕು ಇಸಗೊಂಡು ಕೆಳಗಿಟ್ಟೆ. ನೀ ಬರದದ್ದನ್ನ ಒಂದು ಅಕ್ಷರ ಬಿಡದಂಗ ಹೇಳಿದೆ. ಆಕಿ ನನ್ನ ಹೆಗಲಿಗೆ ಮಾರಿ ಹಚ್ಚಿ ಅತ್ಲು. ಆಮ್ಯಾಲೆ ಮಾರಿ ತೊಳಕೊಂಡು ಹೊರಗ ಹೋಗಿ ಅವನ ಎದುರಿಗೆ ಕುರ್ಚಿ ಎಳದು ಕುಂತ್ಲು. ಏನು ಮಾತಾಡಿದ್ರೋ ನನಗ ಕೇಳಸಲಿಲ್ಲ. ಅವನ ತುಟಿ ಅಲಗಾಡಿದ್ದು ಕಂಡೆ.

ಸಂಜಿಗೆ ರೊಟ್ಟಿ ಬಡಿಯೂವಾಗ ಮಗ್ಗಲಿಗೆ ಬಂದು ನಿಂತ್ಲು. 'ಅತ್ತಿ, ಇದನ್ನ ನಿಮಗ ಯಾರು ಹೇಳಿಕೊಟ್ರು?' ಅಂದ್ಲು.

ನನ್ನ ಸೊಸಿ ಅಂದೆ.

ದ್ಯಾಮವ್ವ